ಕೈಗೇ ಕೊಡಬೇಕಾದ ಲಕೋಟೆ

ಫ್ಯಾಕ್ಸಿನ ಎರಡನೆಯ ಹಾಳೆ ಬರುವ ತನಕ ನಿಲ್ಲಬೇಕಿತ್ತು ಎಂದು ಅಣ್ಣು ಇಂದಿಗೂ ಹಳಹಳಿಸುತ್ತಾನೆ.

ಅದು ತೊಂಬತ್ತನಾಲ್ಕರ ಜೂನ್ ಮೂವತ್ತು, ಗುರುವಾರ. ಬೆಳಿಗ್ಗೆ ಹಾಲ್ವರ್ಸನ್ ಸಾಹೇಬರು ಕ್ಯಾಬಿನ್ನಿನಿಂದ ತಲೆ ಹೊರಹಾಕಿ, "ಅಣ್ಣು, ಟುಡೇ ಖಲಾಸ್" ಎಂದರು; ಅಷ್ಟರಲ್ಲಿ ಫೋನು ಬಡಿದುಕೊಂಡಿತು, ತಲೆ ಒಳಗೆ ಹೋಯಿತು. ನಾರ್ವೆಯ ಆ ಮನುಷ್ಯ ದೋಹಾದಲ್ಲಿ ನಾಲ್ಕು ವರ್ಷವಿದ್ದು ಕಲಿತ ಅರಬ್ಬಿ ಅದೊಂದೇ ಶಬ್ದ. ಅಡುಗೆ ಬಾರದವನು ಉಪ್ಪು ಸುರಿದಂತೆ ಅದನ್ನು ಎಲ್ಲದಕ್ಕೂ ಹಾಕುತ್ತಿದ್ದರು. ಆದರೆ ಐವತ್ತೆರಡು ದಾಟಿದ ಗುಮಾಸ್ತನಿಗೆ ಗಲ್ಫಿನಲ್ಲಿ ಆ ಶಬ್ದಕ್ಕಿರುವುದು ಒಂದೇ ಅರ್ಥ: ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್.

ಆಗಲೇ ಫ್ಯಾಕ್ಸ್ ಯಂತ್ರ ಕಿರುಗುಟ್ಟಿತು. ಓಸ್ಲೋದ ವಕೀಲರು ಶಾಖೆಯ ಯಜಮಾನರಾದ ಸಾಹೇಬರಿಗೆ ಕಳಿಸಿದ ಸಲಹೆ. ನಾರ್ವೆಯ ಕಾನೂನಿನಂತೆ ನೌಕರನನ್ನು ತೆಗೆಯುವ ನೋಟೀಸು ಬರಹದಲ್ಲಿರಬೇಕು, ಅವನ ಕೈಗೇ ಕೊಡಬೇಕು, ಇಲ್ಲವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಎರಡನೆಯ ಹಾಳೆ ಯಂತ್ರದ ಬಾಯಲ್ಲಿರುವಾಗಲೇ ಅಣ್ಣು ಮೊದಲನೆಯದನ್ನು ಹರಿದುಕೊಂಡು ಪಕೀರಬ್ಬನ ಬಳಿಗೆ ಓಡಿದ.

ಪಕೀರಬ್ಬ ಕಂಪೆನಿಯ ಡ್ರೈವರ್, ಅಣ್ಣುವಿನ ಮರುವರ್ಷ ಸೇರಿದ ಬಂಟ್ವಾಳದವ. ಅಲ್ ಮನ್ಸೂರಾ ಬಡಾವಣೆಯ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಂದೆ ಕೂತೇ ಕಾನೂನು ಹೇಳುತ್ತಿದ್ದವ.

"ಇದಕ್ಕೆಲ್ಲ ಹೆದರ್ಲಿಕ್ಕೆ ಉಂಟಾ ಅಣ್ಣುವಣ್ಣ? ಕೈಗೇ ಕೊಡ್ಬೇಕು ಅಂತ ಬರ್ದಿದೆ. ನೀವು ಕೈ ನೀಡ್ಬೇಡಿ, ಅಷ್ಟೆ."

"ರಿಜಿಸ್ಟರ್ ಮಾಡಿದ್ರೆ?"

"ಇಲ್ಲಿ ಮನೆಗೆ ಪೋಸ್ಟ್‌ಮ್ಯಾನ್ ಬರ್ತಾನಾ ಮಾರಾಯ್ರೇ? ಎಲ್ಲ ಕಂಪೆನಿ ಬಾಕ್ಸಿಗೇ ಬರುದು. ಬಾಕ್ಸಿನ ಕೀ ಯಾರತ್ರ ಉಂಟು?"

ಕೀ ಹದಿನೇಳು ವರ್ಷದಿಂದ ಅಣ್ಣುವಿನ ಸೊಂಟದಲ್ಲೇ ಇತ್ತು. ಗುರುವಾರ ಕಚೇರಿ ಒಂದು ಗಂಟೆಗೆ ಮುಚ್ಚುತ್ತದೆ. ಅಲ್ಲಿಯವರೆಗೆ ಕೈಯೊಂದನ್ನು ಕಾಪಾಡಿಕೊಂಡರೆ ಸಾಕು.

ಹತ್ತು ಗಂಟೆಗೆ ಸಾಹೇಬರು ಬಿಳಿ ಲಕೋಟೆ ಹಿಡಿದು ನಗುತ್ತ ಬಂದರು. ಅಣ್ಣು ಗಲ್ಲದೆತ್ತರ ಫೈಲು ಅಪ್ಪಿಕೊಂಡ. ಅವರು ಲಕೋಟೆಯನ್ನು ಫೈಲಿನ ಮೇಲಿಟ್ಟರು. ಅಣ್ಣು ಸೀನಿದಂತೆ ಮಾಡಿ ಎಲ್ಲವನ್ನೂ ನೆಲಕ್ಕೆ ಚೆಲ್ಲಿದ. ಹನ್ನೊಂದಕ್ಕೆ ಮೊಣಕೈವರೆಗೆ ಸ್ಟಾಂಪ್ ಪ್ಯಾಡಿನ ಮಸಿ ಬಳಿದುಕೊಂಡು, ಕೈ ಕೊಳೆ ಎಂದ. ಸಜ್ಜನ ಸಾಹೇಬರು ತಾವೇ ಸೋಪು, ಟವೆಲು ತಂದರು. ರಿಸೆಪ್ಶನಿನ ರೋಸ್‌ಮೇರಿ ಇವನಿಗೆ ಬಿಸಿಲು ತಲೆಗೇರಿದೆ ಎಂದು ಮಜ್ಜಿಗೆ ಕುಡಿಸಲು ಹೊರಟಳು. ಅಣ್ಣು ಕಕ್ಕಸು ಹೊಕ್ಕು ಚಿಲಕ ಹಾಕಿದ.

ಲಕೋಟೆ ಬಾಗಿಲಡಿಯಿಂದ ಒಳಬಂತು. ಅಣ್ಣು ಬೂಟಿನ ತುದಿಯಿಂದ ಹೊರದೂಡಿದ. ಮತ್ತೆ ಬಂತು, ಮತ್ತೆ ಹೋಯಿತು. ಮದುವೆಮನೆಯಲ್ಲಿ ಬೀಗರು ಉಡುಗೊರೆಗೆ ಬೇಡ ಬೇಡವೆಂದು ಉಪಚಾರ ಮಾಡುವ ಹಾಗೆ. ಹೊರಗಿನಿಂದ ಸಾಹೇಬರು, "ಪಾಂಗ್‌ಷೂನ್, ಅಣ್ಣು, ಪಾಂಗ್‌ಷೂನ್" ಎಂದು ಗೋಗರೆಯುತ್ತಿದ್ದರು. ಕೆಲಸದಿಂದ ಕಿತ್ತುಹಾಕುವುದಕ್ಕೆ ನಾರ್ವೆಯಲ್ಲಿ ಹಾಗೆನ್ನುತ್ತಾರೆ ಎಂದು ಅಣ್ಣುವಿಗೆ ಖಾತ್ರಿಯಾಯಿತು.

ಒಂದು ಹೊಡೆಯಿತು. ಗೆದ್ದವನಂತೆ ಅವನು ಹೊರಬಂದ. ಫ್ಯಾಕ್ಸ್ ಯಂತ್ರದಲ್ಲಿ ಎರಡನೆಯ ಹಾಳೆ ಇನ್ನೂ ನೇತಾಡುತ್ತಿತ್ತು. ಕಂಪೆನಿಯ ನಿವೃತ್ತಿ ಯೋಜನೆಗೆ ದೋಹಾ ಶಾಖೆಯಿಂದ ಒಬ್ಬರಿಗೆ ಜಾಗವಿದೆ. ತೆಗೆಯುವ ನೋಟೀಸಿನಂತೆಯೇ ಇದರ ಅರ್ಜಿಯನ್ನೂ ಅತಿ ಹಿರಿಯ ನೌಕರನ ಕೈಗೇ ಕೊಡಬೇಕು, ಅವನು ಇಂದು ಒಂದು ಗಂಟೆಯೊಳಗೆ ಸಹಿ ಹಾಕಬೇಕು. ನಿರಾಕರಿಸಿದರೆ ಅವನ ನಂತರದವನಿಗೆ ಕೊಡತಕ್ಕದ್ದು. ಮೇಲೆ ದಪ್ಪಕ್ಷರದಲ್ಲಿ: ಪೆನ್ಶನ್. ಅಣ್ಣು ಅದನ್ನು ನಾರ್ವೆಯವರ ಬಾಯಲ್ಲಿ ಒಮ್ಮೆ ಹೇಳಿಕೊಂಡ. ಪಾಂಗ್‌ಷೂನ್.

ಕಾರಿನ ಬಳಿ ಪಕೀರಬ್ಬ ಮುಖ ಸಣ್ಣದು ಮಾಡಿ ನಿಂತಿದ್ದ. ಅಂಗಿಯ ಕಿಸೆಯಿಂದ ಬಿಳಿ ಲಕೋಟೆ ಇಣುಕುತ್ತಿತ್ತು.

"ನಾನು ಕೈ ಕಟ್ಟಿಯೇ ನಿಂತಿದ್ದೆ ಅಣ್ಣುವಣ್ಣ. ಅವ್ರೇ ಕೈ ಬಿಡ್ಸಿ ಪೆನ್ನು ಕೊಟ್ರು."

ಹಿಂದೆಯೇ ಸಾಹೇಬರು ಬಂದರು. ಅರ್ಜಿ ತಯಾರಾಗಿದೆ ಎಂದೇ ಬೆಳಿಗ್ಗೆ ಖಲಾಸ್ ಅಂದಿದ್ದೆನಲ್ಲ ಎಂದು ನೊಂದುಕೊಂಡರು. ಆಮೇಲೆ, "ಖಲಾಸ್, ಅಣ್ಣು" ಎಂದರು. ನಾಲ್ಕು ವರ್ಷದಲ್ಲಿ ಆ ಶಬ್ದವನ್ನು ಅವರು ಸರಿಯಾಗಿ ಬಳಸಿದ್ದು ಅದೇ ಮೊದಲು.

ಸಮಾಧಾನಕ್ಕೆಂದು ಅವರು ಕೈ ಚಾಚಿದರು. ಅಣ್ಣು ಈ ಸಲ ತಟ್ಟನೆ, ಮಸಿಯ ಕೈಯನ್ನೇ ಮುಂದೆ ನೀಡಿದ. ಸಾಹೇಬರ ಕೈಯಲ್ಲಿ ಏನೂ ಇರಲಿಲ್ಲ.