ಕಬ್ಬಿಗೆ ನೋಟೀಸು ಕೊಡುತ್ತಿದ್ದ ಮಾವ

ನಾನು ನಿಂತಿದ್ದು ನೂಲ ಎಂಬ ಊರಿನಲ್ಲಿ, ನನ್ನ ಸೋದರಮಾವನ ಕಬ್ಬಿನ ಹೊಲದ ಹಳ್ಳದ ಕಡೆಯ ಬದುವಿನ ಮೇಲೆ, ಬೇವಿನ ಗಿಡದಿಂದ ಹತ್ತು ಹೆಜ್ಜೆ ಈಚೆ. ಸಂಕ್ರಾಂತಿ ಕಳೆದು ಮೂರನೆಯ ದಿನ, ಬೆಳಗಿನ ಎಂಟು ಗಂಟೆ. ಇಷ್ಟು ನಿಖರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ: ಈ ಮಾವನ ವಿಷಯ ಯಾರೂ ನಂಬುವುದಿಲ್ಲ. ಮನೆ ಖಾಲಿ ಮಾಡಿರೆಂದು ಕಬ್ಬಿಗೆ ನೋಟೀಸು ಕೊಡುವವನು ಗಡಹಿಂಗ್ಲಜ ತಾಲೂಕಿನಲ್ಲಿ ಅವನೊಬ್ಬನೇ ಇದ್ದ.

ಕಟಾವಿನ ಹಿಂದಿನ ಸಂಜೆ ಬದುವಿನ ಮೇಲೆ ನಿಂತು ಕೂಗುತ್ತಿದ್ದ: “ನಾಳೆ ಕಡೀತೇವಿ. ಮರಿ ಕಟ್ಕೊಂಡು ಹಳ್ಳದ ಕಡೆ ನಡೀರೆಪಾ. ಹೇಳಲಿಲ್ಲ ಅನಬ್ಯಾಡ್ರಿ.”

ಕೂಗೆಂದರೆ ಎಂಥ ಕೂಗು? ಮೂವತ್ತು ವರ್ಷ ಇಚಲಕರಂಜಿ ಪಕ್ಕದ ಕಬನೂರಿನ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಕಿವಿ ಕಳೆದುಕೊಂಡವನು. ಮಗ್ಗಗಳು ಇನ್ನೂ ಸುತ್ತ ಬಡಿಯುತ್ತಿವೆ ಎಂದೇ ಅವನ ಗಂಟಲಿನ ನಂಬಿಕೆ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದು ಕೊಡುತ್ತಿದ್ದರು.

ಒಮ್ಮೆ ಸಂತೆಯಲ್ಲಿ ಒಬ್ಬ ಬಾಟಲಿ ಹಿಡಿದು ಬಂದ. “ಉಡದ ಎಣ್ಣಿರೀ ಕಾಕಾ. ಎರಡು ಹನಿ ಬಿಟ್ರ ಇರಿವಿ ನಡದದ್ದೂ ಕೇಳಸ್ತೈತಿ.”

ಮಾವ ತುಟಿ ನೋಡಿ ಮಾತು ತಿಳಿಯುತ್ತಿದ್ದ. “ಉಡಕ್ಕ ಅಷ್ಟು ಛಲೋ ಕಿವಿ ಇದ್ರ, ನಿನ್ನ ಹೆಜ್ಜಿ ಸಪ್ಪಳ ಯಾಕ ಕೇಳಲಿಲ್ಲೋ ತಮ್ಮಾ?”

ನಮ್ಮ ಕಡೆ ಕೆಲವರು ಕಬ್ಬನ್ನು ಸುತ್ತಲಿಂದ ಕಡಿಯುತ್ತ ಬಂದು ನಡುವೆ ಒಂದು ತುಂಡು ಉಳಿಸುತ್ತಾರೆ. ಹೊಲದೊಳಗಿನ ಮೊಲ, ನರಿ ಎಲ್ಲ ಅಲ್ಲಿ ಸೇರಿಕೊಳ್ಳುತ್ತವೆ. ಆಮೇಲೆ ಬಲೆ, ನಾಯಿ, ಬಡಿಗೆ. ಮಾವ ಮಾತ್ರ ರಸ್ತೆಯ ಕಡೆಯಿಂದ ಶುರುಮಾಡಿಸಿ ಹಳ್ಳದ ಕಡೆಗೆ ಮುಗಿಸುತ್ತಿದ್ದ. ಒಳಗಿದ್ದವು ಹಳ್ಳಕ್ಕೆ ಇಳಿದು ಹೋಗಲೆಂದು. ಕಟಾವಿನ ತಂಡದ ಮುಕಾದಮ ಶಂಕರ ನಗುತ್ತಿದ್ದ: “ನರಿಗೋಳಿಗೆ ಬಾಗಲಾ ಇಡ್ತಾನ್ರಿ. ನಾಳೆ ಚಿಲಕಾನೂ ಹಚ್ಚತಾನ.”

ಆ ವರ್ಷ ಸಂಕ್ರಾಂತಿಯಾದ ಮೇಲೆ ಮಾವ ಜ್ವರವೆಂದು ಎರಡು ದಿನ ಗಡಹಿಂಗ್ಲಜದ ದವಾಖಾನೆಯಲ್ಲಿದ್ದ. ನೋಟೀಸು ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಬದುವಿಗೆ ಬರುವಷ್ಟರಲ್ಲಿ ಶಂಕರನ ತಂಡ ಸುತ್ತಲಿಂದ ಕಡಿದು ಹೊಲದ ನಡುವೆ ಒಂದು ತುಂಡು ಮಾತ್ರ ಉಳಿಸಿತ್ತು, ಸುತ್ತ ಬಲೆ. ಬಲೆ ತಂದವನು ಇಚಲಕರಂಜಿಯ ಸಾಹುಕಾರ, ಮಾವ ದುಡಿದ ಶೆಡ್ಡಿನ ಮಾಲೀಕ. ನರಿಯ ತಲೆಯೊಳಗೆ ಕೊಂಬಿರುತ್ತದೆ, ಅದನ್ನು ಶೆಡ್ಡಿನಲ್ಲಿಟ್ಟರೆ ಬರಕತ್ತು ಎಂದು ಅವನಿಗೆ ಯಾರೋ ಹೇಳಿದ್ದರು. ಮಾವನ ಕಿವಿ ಆಗಲೇ ಆ ಶೆಡ್ಡಿಗೆ ಸಂದಿತ್ತು. ಈಗ ನರಿಯ ತಲೆಯ ಸರದಿ.

“ಮುಂಜಾನೆ ನರಿ ಮಾರಿ ನೋಡಿದ್ರ ಸಾಕು, ಛಲೋ ಆಗ್ತೈತಿ ಅಂತಾರ್ರಿ,” ಎಂದಳು ಅತ್ತೆ ಬಾಳವ್ವ.

“ಮಾರಿ ಓಡಿ ಹೋಗ್ತೈತಿ ಅಕ್ಕಾ. ಕೊಂಬು ಕೈಯಾಗ ಉಳೀತೈತಿ,” ಎಂದ ಸಾಹುಕಾರ.

“ಫಾರೆಸ್ಟಿನವರಿಗೆ ಫೋನ್ ಹಚ್ಚತೇನಿ ನೋಡ್ರಿ.”

“ಹಚ್ಚು. ಅವರು ಬರೂತನಕ ನಾವೇನು ನಿಂದರತೇವೇನು?”

ಅಷ್ಟರಲ್ಲಿ ಮಾವ ಬಸ್ಸಿಳಿದು ಓಡಿ ಬಂದ. ಯಾರನ್ನೂ ಕೇಳಲಿಲ್ಲ. ಹಳ್ಳದ ಕಡೆಯ ಬಲೆಯನ್ನು ಕಿತ್ತೆಸೆದು, ಆ ಸಂದಿನಲ್ಲಿ ಎರಡೂ ಕೈ ಚಾಚಿ ನಿಂತು ಕೂಗಿದ: “ಇಕಡೆ ಬಾ. ಬಾಗಲಾ ತೆರದೇನಿ, ಬಾ!”

ನರಿ ಬಂದಿತು. ಕಬ್ಬಿನ ಅಂಚಿನಲ್ಲಿ ಅದರ ಮುಖ ಕಂಡಿತು, ಮಾವನಿಂದ ಐದು ಮಾರು ದೂರ. ಹಿಗ್ಗಿನಿಂದ ಮಾವ ಇನ್ನೂ ಜೋರಾಗಿ ಕೂಗಿದ. ಅದು ಒಂದು ಗಳಿಗೆ ನಿಂತಿತು. ಆಮೇಲೆ ಆ ಕೂಗಿನಿಂದ ದೂರ, ನೇರವಾಗಿ, ಎದುರು ಬದಿಯ ಬಲೆಗೆ ಓಡಿತು.

ಬಡಿಗೆಗಳ ಸಪ್ಪಳ ಮಾವನಿಗೆ ಕೇಳಲಿಲ್ಲ. ನಮಗೆ ಕೇಳಿತು.

ತಲೆ ಒಡೆದು ನೋಡಿದರು. ಕೊಂಬಿರಲಿಲ್ಲ. ಸಾಹುಕಾರ ಕಬ್ಬಿನ ರವದಿಯ ಒಣಗರಿಗೆ ಕೈ ಒರೆಸಿಕೊಂಡ. “ಇದು ಹೆಣ್ಣು. ಗಂಡಿಗೆ ಇರ್ತೈತಿ.”

ಮಾವ ನನ್ನ ಹತ್ತಿರ ಬಂದ. “ನಾ ಕರದೆ. ಅದು ಆ ಕಡೆ ಯಾಕ ಹೋತು?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನಿನ್ನ ದನಿಗೆ ಅಂಜಿತು, ಮಾಮಾ.” ಅವನು ನನ್ನ ತುಟಿ ನೋಡಿದ. ಇನ್ನೊಮ್ಮೆ ಹೇಳೆಂದ. ಇನ್ನೊಮ್ಮೆ ಹೇಳಿದೆ.

ಅಂದಿನಿಂದ ಅವನು ಕೂಗಲಿಲ್ಲ. ಉಪ್ಪು ಬೇಕಾದರೆ ಎದ್ದು ತಾನೇ ತಂದುಕೊಳ್ಳುತ್ತಿದ್ದ.

ಮರುವರ್ಷ ಅದೇ ಬದು, ಬೆಳಗಿನ ಅದೇ ಹೊತ್ತು. ರಸ್ತೆಯ ಕಡೆಯಿಂದ ಕಡಿಯುತ್ತ ಬಂದು, ಹಳ್ಳಕ್ಕೆ ಹತ್ತಿದಂತೆ ನಾಲ್ಕು ಸಾಲು ಉಳಿದಾಗ, ಶಂಕರ ಯಾರೂ ಹೇಳದೆಯೇ ತನ್ನ ಆಳುಗಳನ್ನು ಕೂರಿಸಿದ. ಮಾವ ಕಬ್ಬಿಗೆ ಬೆನ್ನು ಮಾಡಿ ನಿಂತ. ಅವನ ತುಟಿ ಮಾತ್ರ ಅಲುಗುತ್ತಿತ್ತು. ಏನೂ ಕೇಳದ ಮನುಷ್ಯ ಪಿಸುಮಾತಿನಲ್ಲಿ ನೋಟೀಸು ಕೊಡುತ್ತಿದ್ದ: “ಹೋಗ್ರೆಪಾ. ಸಾವಕಾಶ ಹೋಗ್ರಿ.”

ಎರಡು ನರಿಗಳು ಹೊರಬಂದವು. ಓಡಲಿಲ್ಲ, ನಡೆದುಕೊಂಡು ಹಳ್ಳಕ್ಕೆ ಇಳಿದವು. ಅತ್ತೆ ಅವನ ಎದುರಿಗೆ ಹೋಗಿ ಎರಡು ಬೆರಳು ತೋರಿಸಿದಳು. ಅವನು ಅವಳ ಬೆರಳನ್ನೇ ಬಹಳ ಹೊತ್ತು ನೋಡುತ್ತ ನಿಂತ.

ಆ ನರಿಗಳನ್ನು ಕಂಡವರಲ್ಲಿ ಅತ್ತೆ ಬಾಳವ್ವ ಇದ್ದಾಳೆ, ಮುಕಾದಮ ಶಂಕರ ಇದ್ದಾನೆ, ನಾನಿದ್ದೇನೆ. ಮಾವ ಈಗಿಲ್ಲ. ಇದ್ದಾಗಲೂ ಅವನು ಅವುಗಳನ್ನು ಕಾಣಲಿಲ್ಲ. ಅವು ಅಂಜಬಾರದೆಂದು ಬೆನ್ನು ತಿರುಗಿಸಿ ನಿಂತಿದ್ದ.