ರೇಟು ಏರಿದ ಥೈರಾಯ್ಡು

ನನಗೆ ಥೈರಾಯ್ಡು ಬಂದದ್ದು ಹೋದ ವರ್ಷ. ಮರುದಿನವೇ ನಮ್ಮ ಮನೆಯವರಿಗೆ ಡಾಕ್ಟರಿಕೆ ಬಂತು. ನನ್ನ ರೋಗಕ್ಕೆ ಗುಳಿಗೆ ಇದೆ. ಅವರದಕ್ಕೆ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮನೆಯವರೆಂದರೆ ಮನೋಹರ, ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಕಾಯಿಯನ್ನು ಮುಷ್ಟಿಯಲ್ಲಿ ಹಿಚುಕಿ, ಸಪ್ಪಳ ಕೇಳಿಯೇ ಎಷ್ಟು ಒಣಗಿದೆ ಎಂದು ಹೇಳಬಲ್ಲ ಮಹಾಮಹಿಮರು. ಅದೇ ಧೈರ್ಯದ ಮೇಲೆ ಗುಳಿಗೆ ಶುರುವಾದ ಮೇಲೆ ಮಾಡಿಸಿದ ನನ್ನ ರಕ್ತಪರೀಕ್ಷೆಯ ರಿಪೋರ್ಟನ್ನೂ ಕೈಗೆತ್ತಿಕೊಂಡರು.

"ಟಿಎಸ್‌ಎಚ್ ನಾಕರೊಳಗ ಇರಬೇಕಂತ. ನಿಂದು ಹನ್ನೊಂದಕ್ಕ ಏರೇತಿ," ಎಂದರು ಚಷ್ಮಾ ಸರಿಪಡಿಸಿಕೊಳ್ಳುತ್ತ. "ಗುಳಿಗಿ ಜಾಸ್ತಿ ಆಗೇತಿ ನಿರ್ಮಲಾ. ನಾಳಿಂದ ಅರ್ಧಾ ತೊಗೊ."

"ಡಾಕ್ಟರಿಗೆ ತೋರಸೋಣಲ್ರಿ?"

"ಇಷ್ಟಕ್ಕ ಹಾವೇರಿಗೆ ಯಾಕ ಹೋಗಬೇಕು? ಏರಿದ್ದನ್ನ ಇಳಸೂದು, ಅಷ್ಟ."

ನಾನೂ ಒಪ್ಪಿದೆ. (ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ, ಚಹಾಕ್ಕಾಗಿ ಒಂದು ತಾಸು ಬಾಯಿ ಬಿಟ್ಟುಕೊಂಡು ಕೂರುವವಳಿಗೆ 'ಅರ್ಧ' ಎಂಬ ಶಬ್ದ ಅಮೃತದಂತೆ ಕೇಳಿಸುತ್ತದೆ.)

ತಿಂಗಳು ಕಳೆಯಿತು. ಏಪ್ರಿಲ್ ಬಿಸಿಲಿಗೆ ಊರೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದರೆ ನಾನು ಸ್ವೆಟರ್ ತೊಟ್ಟು ಕೂತಿದ್ದೆ. ಧ್ವನಿ ಗೊಗ್ಗರಾಯಿತು. ಒಮ್ಮೆ ಕುಪ್ಪೇಲೂರಿನ ರೈತರೊಬ್ಬರು ಫೋನು ಮಾಡಿ, ನಾನು "ಹಲೋ" ಎಂದದ್ದೇ ತಡ, "ಮನೋಹರಣ್ಣಾರ, ಆರಾಮಿದ್ದೀರೇನ್ರಿ?" ಎಂದು ಮೆಣಸಿನಕಾಯಿ ರೇಟು ಕೇಳಿದರು. ನಾನು ಅವರಲ್ಲ ಎನ್ನುವಷ್ಟೂ ತ್ರಾಣವಿಲ್ಲದೆ ಬಾಯಿಗೆ ಬಂದ ದುಬಾರಿ ರೇಟು ಹೇಳಿಬಿಟ್ಟೆ. ಮರುದಿನ ಅವರು ಗಾಡಿ ತುಂಬ ಮಾಲು ತಂದು ಅಂಗಡಿ ಮುಂದೆ ಇಳಿಸಿದರು. ಯಜಮಾನರು ಆ ರಾತ್ರಿ ಊಟವನ್ನೇ ಮಾಡಲಿಲ್ಲ.

"ಹುಡುಗಿ ಬಾಡಾಕತ್ತಾಳ. ಲಗೂನ ದವಾಖಾನಿಗೆ ಕರಕೊಂಡು ಹೋಗಪಾ," ಎಂದರು ಅತ್ತೆ ಫಕ್ಕೀರವ್ವ.

"ನಾ ನೋಡಾಕತ್ತೇನಲ್ಲ ಬೇ," ಎಂದರು ಮಗರಾಯರು.

ಅಷ್ಟರಲ್ಲಿ ನಾನು ಗುತ್ತಲದ ತವರಿಗೆ ಹೊರಟೆ. ಹಾವೇರಿಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತದ್ದು ನೆನಪು. ಕಣ್ಣು ಬಿಟ್ಟರೆ ಮತ್ತೆ ಹಾವೇರಿಯೇ. ಬಸ್ಸು ಗುತ್ತಲಕ್ಕೆ ಹೋಗಿ, ಹೊಸ ಜನರನ್ನು ತುಂಬಿಕೊಂಡು ವಾಪಸ್ಸು ಬಂದಿತ್ತು. ಕಂಡಕ್ಟರ್ ಎಬ್ಬಿಸಿದ್ದರಂತೆ, ನಾನು "ಹೂಂ" ಎಂದು ಮತ್ತೆ ಮಲಗಿದೆನಂತೆ. ಅಕ್ಕಪಕ್ಕದವರು ನಕ್ಕರು. ನಾನೂ ನಗುತ್ತ ಏಳಹೋದೆ, ಕಾಲು ಮಾತ್ರ ಏಳಲಿಲ್ಲ. ಖರೇ ಹೇಳುತ್ತೇನೆ, ಆಗ ಹೆದರಿದೆ.

ಫೋನು ಮಾಡಿ, "ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಅದೀನ್ರಿ. ನನ್ನ ಕಡೆ ಆಗವಲ್ತುರಿ," ಎಂದೆ. ಅಷ್ಟೇ ಹೇಳಿದ್ದು. ಇವರು ಅಂಗಡಿ ಬಿಟ್ಟು ಬೈಕಿನಲ್ಲಿ ಬಂದರು. ಯಾವ ವೈದ್ಯಶಾಸ್ತ್ರವನ್ನೂ ಹೇಳಲಿಲ್ಲ. ನಡುರಸ್ತೆಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ ನನ್ನ ಕೈ ಹಿಡಿದು ದವಾಖಾನೆಗೆ ನಡೆಸಿಕೊಂಡು ಹೋದರು. (ಅದಕ್ಕಾಗಿ ಇನ್ನೊಮ್ಮೆ ಬಸ್ಸಿನಲ್ಲಿ ಮಲಗಬಹುದು.)

ನನಗೆ ಮೊದಲು ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರ್ ಜರೀನಾ ನನ್ನ ಕಥೆ ಕೇಳಿ, ಇವರು ತಂದ ಹಳೆ ರಿಪೋರ್ಟ್ ನೋಡಿದರು. "ಗುಳಿಗಿ ಅರ್ಧಾ ಮಾಡಿದವರು ಯಾರ್ರಿ?"

ಇವರು ಸಾಲಿ ಹುಡುಗನಂತೆ ಕೈ ಎತ್ತಿದರು.

"ಏನು ಉದ್ಯೋಗ ಮಾಡ್ತೀರಿ?"

"ಮೆಣಸಿನಕಾಯಿ ದಲಾಲಿರಿ."

"ಪ್ಯಾಟಿಗೆ ಮಾಲು ಕಡಿಮಿ ಬಂದ್ರ ರೇಟು ಏನಾಗತೈತ್ರಿ?"

"ಏರತೈತ್ರಿ."

"ಟಿಎಸ್‌ಎಚ್ಚೂ ಹಂಗರಿ. ಮೈಯಾಗ ಥೈರಾಯ್ಡ್ ಹಾರ್ಮೋನು ಕಡಿಮಿ ಆದ್ರ ಅದು ಏರತೈತಿ. ನೀವು ಬರೂ ಮಾಲನ್ನೂ ಅರ್ಧಕ್ಕ ನಿಲ್ಲಿಸಿದ್ರಿ."

ಜೀವಮಾನವಿಡೀ ರೇಟು ಕೂಗಿದವರು ಚಷ್ಮಾ ತೆಗೆದು ಕಿಸೆಗೆ ಹಾಕಿಕೊಂಡರು.

ಡಾಕ್ಟರು ಹೊಸದಾಗಿ ರಕ್ತ ಪರೀಕ್ಷಿಸಿ, ಮೊದಲಿಗಿಂತ ತುಸು ಹೆಚ್ಚಿನ ಗುಳಿಗೆ ಬರೆದುಕೊಟ್ಟರು. "ಆರು ವಾರಕ್ಕ ಮತ್ತ ನೋಡೋಣ. ನಡುವ ಯಾರೂ ಏರಸೂದು, ಇಳಸೂದು ಮಾಡಬ್ಯಾಡ್ರಿ."

ದಿನ ಹೋದಂತೆ ಸ್ವೆಟರ್ ಕಪಾಟು ಸೇರಿತು, ಧ್ವನಿ ಹೆಣ್ಣಾಯಿತು. ರೊಟ್ಟಿ ಬಡಿಯುತ್ತ ನಿದ್ದೆ ಹೋಗುತ್ತಿದ್ದವಳು ಗುತ್ತಲಕ್ಕೆ ಹೋಗಿ, ಗುತ್ತಲದಲ್ಲಿಯೇ ಇಳಿದು ಬಂದೆ. ಮುಂದಿನ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್.

ಡಾಕ್ಟರು ಅಭಿನಂದಿಸಿದರು. ಎದ್ದು ಹೊರಡುವಾಗ ಇವರು ತಲೆ ಕೆರೆದುಕೊಂಡರು. "ಮೇಡಂ, ಇಕೀ ಸಿಟ್ಟು ಮಾತ್ರ ಇನ್ನೂ ಇಳಿದಿಲ್ರಿ. ಅದೂ ಥೈರಾಯ್ಡಿಂದ ಅಂತ ಹೇಳ್ತಾಳ."

"ಸಿಟ್ಟು ಯಾವಾಗಿಂದ ಐತ್ರಿ?"

"ಲಗ್ನ ಆದಾಗಿಂದ್ರಿ."

ಡಾಕ್ಟರು ನನ್ನನ್ನು ನೋಡಿ ನಕ್ಕರು. "ನಿರ್ಮಲಾ ಅವರ, ರಿಪೋರ್ಟ್ ನಾರ್ಮಲ್ ಐತಿ. ಇನ್ನ ಮ್ಯಾಲಿನ ಸಿಟ್ಟೆಲ್ಲಾ ನಿಮ್ಮ ಸ್ವಂತದ್ದು."

ಮನೆ ಮುಟ್ಟಿದ ಕೂಡಲೇ ಇವರು ಡಾಕ್ಟರ ಆ ಮಾತನ್ನು ಅತ್ತೆಗೆ ಒಪ್ಪಿಸಿದರು. ಅತ್ತೆ ನಿಧಾನಕ್ಕೆ ಎಲೆಗೆ ಸುಣ್ಣ ಸವರಿದರು.

"ಇಷ್ಟು ತಿಳಕೊಳ್ಳಾಕ ರಕ್ತಾ ಯಾಕ ಕೊಟ್ರಿ? ನನ್ನ ಕೇಳಿದ್ರ ಹೇಳ್ತಿದ್ನಿ."