ದೆವ್ವದ ದವಡೆ

"ಸಂಜೆ ಮನೇಲಿ ಮಗಳ ದೆವ್ವದ ವೇಷದ ಪಾರ್ಟಿ ಇದೆ. ಬೇಕರಿಯಿಂದ ಏನಾದ್ರೂ ತಂದಿಡಿ, ಸಾಕು" ಎಂದು ಹೇಳಿ ಹೆಂಡತಿ ಆಸ್ಪತ್ರೆ ಡ್ಯೂಟಿಗೆ ಹೊರಟಳು. ಹಲ್ಲು ಡಾಕ್ಟರು ತಲೆಯಾಡಿಸಿ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. "ದಿನಾ ಹಿಟ್ಟು ಕಲಸಿ ಅಚ್ಚು ತೆಗೆಯೋನು ನಾನು. ಬಿಸ್ಕತ್ತು ಯಾವ ಮಹಾ?" ಎಂದುಬಿಟ್ಟರು.

ಕ್ಲಿನಿಕ್ಕು ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಎರಡಕ್ಕೂ ಮಾಲೀಕರು ಮೇಲ್ಮಹಡಿಯ ಓನರಮ್ಮ. ಆಕೆಯ ಮೇಲ್ದವಡೆಯಲ್ಲಿ ಉಳಿದಿದ್ದವು ನಾಲ್ಕೇ ಹಲ್ಲು. ಹಲ್ಲುಸೆಟ್ಟಿಗೆಂದು ಎರಡು ಸಲ ಅಚ್ಚು ತೆಗೆದಾಗಲೂ ಬಾಯಿ ತುಂಬ ಹಿಟ್ಟು ಇಟ್ಟುಕೊಂಡೇ ಪಕ್ಕದ ಮನೆಯ ಸುದ್ದಿ ಹೇಳಿ ಕೆಡಿಸಿದ್ದರು. ಮೂರನೆಯ ಸಲ ಹೇಗೋ ಸರಿಯಾಗಿ ಬಂದು, ಅದರಲ್ಲಿ ಎರಕ ಹೊಯ್ದ ಪ್ಲಾಸ್ಟರಿನ ದವಡೆ ಕ್ಲಿನಿಕ್ಕಿನ ಮೇಜಿನ ಮೇಲೆ ಕುಳಿತಿತ್ತು. ಹಲ್ಲುಸೆಟ್ಟು ಮಾಡುವವನು ಸಂಜೆ ಬಂದು ಒಯ್ಯಬೇಕಿತ್ತು.

"ಭಾನುವಾರ ನನ್ನ ತಂಗಿ ಬರ್ತಾಳೆ ಡಾಕ್ಟ್ರೇ. ಅವಳಿಗೆ ಇನ್ನೂ ಎಲ್ಲಾ ಹಲ್ಲೂ ಇವೆ. ಅಷ್ಟರೊಳಗೆ ನನಗೂ ಇರ್ಬೇಕು. ಇಲ್ಲಾಂದ್ರೆ ಕ್ಲಿನಿಕ್ಕು ಖಾಲಿ ಮಾಡಿ" ಎಂದು ಓನರಮ್ಮ ಮೊದಲೇ ಹೇಳಿದ್ದರು.

ಮಗಳು, ಪಕ್ಕದ ಮನೆಯ ಅವಳಿಜವಳಿ ಹುಡುಗರು, ಡಾಕ್ಟರು ಸೇರಿ ಹಿಟ್ಟು ಕಲಸಿದರು. ಅರ್ಧ ಹಿಟ್ಟು ಪಾತ್ರೆಗೆ, ಅರ್ಧ ಡಾಕ್ಟರ ತಲೆಗೆ ಬಿತ್ತು. ದೆವ್ವ ಮಾಡಿದರೆ ಆಲೂಗಡ್ಡೆಯಂತೆ ಕಾಣುತ್ತಿತ್ತು. ಅಷ್ಟರಲ್ಲಿ ಮಗಳು ಪ್ಲಾಸ್ಟರಿನ ದವಡೆ ಹಿಡಿದು ಬಂದಳು.

"ಅಪ್ಪಾ, ಇದು ಯಾವ ದೆವ್ವದ್ದು?"

"ಮೆಲ್ಲಗೆ ಮಾತಾಡು. ಮೇಲೆ ಕೇಳಿಸುತ್ತೆ."

"ಇದನ್ನೇ ನೋಡ್ಕೊಂಡು ಮಾಡೋಣ. ಬಾದಾಮಿ ಚುಚ್ಚಿದ್ರೆ ಹಲ್ಲು."

ಇದಕ್ಕಿಂತ ಭಯಂಕರವಾದದ್ದು ಡಾಕ್ಟರಿಗೂ ಹೊಳೆಯಲಿಲ್ಲ. ಹಿಟ್ಟಿನ ದವಡೆಗಳು ಓವನ್ನಿನೊಳಗೆ ಹೋದವು. ಎದುರು ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ವಾಸನೆ ಹಿಡಿದು ಬಂದು ಕುರ್ಚಿ ಎಳೆದುಕೊಂಡರು. ಬೆಂದಿರಬಹುದೆಂದು ಡಾಕ್ಟರು ಕೈ ಹಾಕಿದಾಗಲೆಲ್ಲ, "ಅವಸರ ಯಾಕ್ರೀ? ಇನ್ನೊಂದು ಅರ್ಧ ಗಂಟೆ ತಡವಾದ್ರೆ ಏನೂ ಆಗಲ್ಲ. ನನ್ನ ಸರ್ವೀಸಿನಲ್ಲಿ ಏನಾದ್ರೂ ಆಯ್ತಾ?" ಎಂದು ತಡೆದರು. ಕೊನೆಗೆ ಹೊರಬಂದ ಬಿಸ್ಕತ್ತುಗಳನ್ನು ಕಿಟಕಿಗೆ ಎಸೆದರೆ ಗಾಜು ಒಡೆಯುವಂತಿದ್ದವು. ಕರಕಲು ಕಾಣದಿರಲೆಂದು ಮಕ್ಕಳು ಅಡುಗೆಕಟ್ಟೆಯ ಮೇಲೆ ಸಿಕ್ಕಿದ್ದಕ್ಕೆಲ್ಲ ಸಕ್ಕರೆಯ ಬಿಳಿ ಲೇಪ ಬಳಿದರು.

ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು. ಹಲ್ಲುಸೆಟ್ಟಿನವನು. ಡಾಕ್ಟರು ಮೇಜಿನತ್ತ ಓಡಿದರು. ಮೇಜು ಖಾಲಿ. ಅಡುಗೆಕಟ್ಟೆಯ ಮೇಲೆ ಬೆಳ್ಳಗಿನ ದವಡೆಗಳ ಸಾಲು.

"ನಿಜವಾದ್ದು ಯಾವುದು?"

"ಇದೇ" ಎಂದು ಮೂರು ಮಕ್ಕಳೂ ಮೂರು ಕಡೆ ಬೆರಳು ತೋರಿಸಿದರು.

ಡಾಕ್ಟರನ್ನು ವಿದ್ಯೆ ಕೈಬಿಡಲಿಲ್ಲ. ಒಂದೊಂದನ್ನೇ ಚಮಚದಿಂದ ತಟ್ಟಿ ನೋಡಿ, ಎಲ್ಲಕ್ಕಿಂತ ಹೆಚ್ಚು ಕಲ್ಲಿನಂತೆ ಸದ್ದು ಮಾಡಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದರು.

ಪಾರ್ಟಿ ಜೋರಾಗಿ ನಡೆಯಿತು. ಮಕ್ಕಳು ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ನೆನೆಸಿ ತಿಂದರು. ಗದ್ದಲ ಏಕೆಂದು ಕೇಳಲು ಇಳಿದು ಬಂದ ಓನರಮ್ಮನೂ ಸೋಫಾದಲ್ಲಿ ಕುಳಿತರು. ಬಿಸ್ಕತ್ತಿನಲ್ಲಿ ಅವರು ತಮ್ಮನ್ನು ಗುರುತಿಸಲಿಲ್ಲ. "ಥೇಟ್ ನನ್ನ ತಂಗಿ ನಕ್ಕ ಹಾಗಿದೆ" ಎಂದರು. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು.

ಆಗ ಫೋನು ಬಡಿದುಕೊಂಡಿತು.

"ಸಾರ್, ಎಂಥಾ ಪ್ಲಾಸ್ಟರ್ ಹಾಕಿದ್ರಿ? ಕೆಲಸಕ್ಕೆ ಮುಂಚೆ ನೀರಲ್ಲಿ ನೆನೆಹಾಕಿದೆ, ಗಂಜಿ ಆಗೋಯ್ತು. ನಾಲ್ಕು ಬಾದಾಮಿ ಮಾತ್ರ ಉಳಿದಿವೆ."

ಡಾಕ್ಟರು ತಿರುಗಿ ನೋಡಿದರು. ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ದವಡೆ ಓನರಮ್ಮನ ಬಾಯಿಯ ಹತ್ತಿರವಿತ್ತು.

"ಅಮ್ಮಾ, ಅದನ್ನ ಕಚ್ಬೇಡಿ."

"ಯಾಕೆ, ನಾನೊಂದು ತಿಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಕಟಕ್ಕೆಂದಿತು.

ಡಾಕ್ಟರು ಹಾರಿ ಹೋಗಿ ದವಡೆಯನ್ನು ಕಿತ್ತುಕೊಂಡು, ಲೇಪ ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅಚ್ಚಿಗೆ ಒಂದು ಗೀರೂ ಬಿದ್ದಿರಲಿಲ್ಲ. ನಾಲ್ಕು ಹಲ್ಲೂ ಇದ್ದಲ್ಲೇ ಇದ್ದವು. ಕ್ಲಿನಿಕ್ಕು ಉಳಿಯಿತೆಂದು ಸಂತೋಷದಿಂದ ಅವರ ಕಣ್ಣು ತುಂಬಿ ಬಂತು.

ಓನರಮ್ಮ ನಿಧಾನವಾಗಿ ಅಂಗೈ ಬಿಚ್ಚಿದರು. ಅದರಲ್ಲಿ ಅವರ ಮುಂದಿನ ಹಲ್ಲು ಇತ್ತು.

ಅಚ್ಚಿನಲ್ಲಿ ನಾಲ್ಕು, ಬಾಯಲ್ಲಿ ಮೂರು. ಹಲ್ಲಿದ್ದಾಗ ಅಚ್ಚು ಬರಲಿಲ್ಲ, ಅಚ್ಚು ಬಂದಾಗ ಹಲ್ಲಿಲ್ಲ.

"ಬನ್ನಿ ಅಮ್ಮಾ, ಕುರ್ಚಿ ಮೇಲೆ ಕೂತ್ಕೊಳ್ಳಿ" ಎಂದು ಡಾಕ್ಟರು ಸೋತ ದನಿಯಲ್ಲಿ ಕರೆದು, ನಾಲ್ಕನೆಯ ಸಲ ಹಿಟ್ಟು ಕಲಸಿ ಬಾಯಿಗಿಟ್ಟರು.

ಓನರಮ್ಮ ಮಾತಾಡಲು ಶುರುಮಾಡಿದರು.